ಫೈಲಿಗೊಂದು ಮನೆ: ಭದ್ರಾವತಿಯ ಪದ್ಧತಿ

ಆರನೇ ಪಾಠವನ್ನು ವೈರಸ್ ತಿಂದು ಹಾಕಿದ ದಿನವೇ ನಾನು ತೀರ್ಮಾನಿಸಿಬಿಟ್ಟೆ: ಭದ್ರಾವತಿಯ ಟೈಪಿಂಗ್ ಕೇಂದ್ರದ ನಾಲ್ಕೂ ಕಂಪ್ಯೂಟರುಗಳಿಂದ ವಿಂಡೋಸ್ ತೆಗೆದು, ವೈರಸ್ ಕಾಟ ಕಡಿಮೆ ಇರುವ ಲಿನಕ್ಸ್ ಹಾಕುತ್ತೇನೆ. ಇಸವಿ ಎರಡು ಸಾವಿರ ದಾಟಿ ಒಂದೆರಡು ವರ್ಷವಾಗಿತ್ತು. ಕಂಪ್ಯೂಟರ್ ಪತ್ರಿಕೆಗಳ ಜೊತೆ ಲಿನಕ್ಸ್ ಸಿ.ಡಿ. ಪುಕ್ಕಟೆಯಾಗಿ ಬರುತ್ತಿದ್ದ ಕಾಲ. ಶಿವಮೊಗ್ಗದಲ್ಲಿ ಅದನ್ನು ಹಾಕಿ ನೋಡಿದವರು ಬಹಳ ಜನ ಇದ್ದರು, ಹಾಕಿಕೊಂಡು ದುಡಿದವರು ಕಡಿಮೆ. ನನಗೆ ಮಾತ್ರ ಹೆದರಿಕೆ ಇರಲಿಲ್ಲ. ಅಲ್ಲಿ ಪಾಠಗಳನ್ನು ಟೈಪ್ ಮಾಡುತ್ತಿದ್ದ ಕನ್ನಡ ಎಡಿಟರ್ ನಾನೇ ಬರೆದದ್ದು. ವಿಂಡೋಸಿಗೂ ಮುಂಚಿನ ಡಾಸ್ ಕಾಲದಲ್ಲಿ ಹುಟ್ಟಿದ ಪ್ರೋಗ್ರಾಮು. ಅಕ್ಷರಗಳನ್ನು ತಾನೇ ಪರದೆಯ ಮೇಲೆ ಬಿಡಿಸಿಕೊಳ್ಳುತ್ತಿತ್ತು. ನನ್ನ ಕೂಸು ಯಾವ ಮನೆಗೆ ಕಳಿಸಿದರೂ ಬಾಳುತ್ತದೆ ಎಂಬ ಜಂಬ ನನಗಿತ್ತು. ಈಗಲೂ ಸ್ವಲ್ಪ ಇದೆ.

ಭದ್ರಾವತಿಯ ಆ ಟೈಪಿಂಗ್ ಕೇಂದ್ರವನ್ನು ಕಟ್ಟಿದವರು ಕಾರ್ಖಾನೆಯೊಂದರ ಟೈಪಿಂಗ್ ಸೆಕ್ಷನ್ನಿನ ಮುಖ್ಯಸ್ಥೆಯಾಗಿದ್ದವರು. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ಆ ಸೆಕ್ಷನ್ ಮುಚ್ಚಿದಾಗ ಅವರು ಸ್ವಯಂ ನಿವೃತ್ತಿ ತೆಗೆದುಕೊಂಡು, ತಮ್ಮ ಹಾಗೆಯೇ ಹೊರಬಂದಿದ್ದ ಕೆಲವರನ್ನು ಸೇರಿಸಿಕೊಂಡು, ಒಂದು ಶಟರ್ ಅಂಗಡಿಯಲ್ಲಿ ಹಳೆಯ ಕಂಪ್ಯೂಟರುಗಳನ್ನು ಜೋಡಿಸಿದ್ದರು. ಕಾರ್ಖಾನೆ ಬಿಟ್ಟರೂ ಅದರ ಗಡಿಯಾರ ಬಿಟ್ಟಿರಲಿಲ್ಲ. ಕೇಂದ್ರದಲ್ಲಿ ಎ ಶಿಫ್ಟ್, ಬಿ ಶಿಫ್ಟ್ ಇದ್ದವು. ಮಧ್ಯಾಹ್ನ ಎರಡಕ್ಕೆ ಪಾಳಿ ಬದಲಾಗುತ್ತಿತ್ತು.

ಕೆಲಸ ಕೊಟ್ಟವರು ಶಿವಮೊಗ್ಗದ ಕೋಟೆಯ ಹತ್ತಿರದ ಪ್ರಕಾಶಕರು. ಹೈಸ್ಕೂಲು ಮಕ್ಕಳ ವಿಜ್ಞಾನದ ಗೈಡು. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಹೊತ್ತಿಗೆ ಪುಸ್ತಕ ಅಂಗಡಿಯಲ್ಲಿರಬೇಕು. ಅವರು ಮೊದಲ ದಿನವೇ ಮೇಡಂಗೆ ಹೇಳಿದ್ದರು: "ಸಾಫ್ ಹೇಳಿಬಿಡ್ತೀನಿ ಅಮ್ಮ. ಮಾಲು ಚೆನ್ನಾಗಿ ಬಂತೋ, ವರ್ಷಾ ವರ್ಷಾ ನಿಮಗೇ. ಕೈ ಕೊಟ್ರೋ, ಬೆಂಗಳೂರಿಗೆ ಕಳಿಸ್ತೀನಿ." ಆ ಊರಿನಲ್ಲಿ ಕೇಂದ್ರಕ್ಕೆ ಇದ್ದ ದೊಡ್ಡ ಕೆಲಸ ಅದೊಂದೇ. ಅದು ಹೋದರೆ ಶಟರ್ ಎಳೆಯುವುದೇ. ಮೇಡಂ ನನಗೆ ಹೇಳಿದ್ದು ಇಷ್ಟು: "ನೋಡು ಮಾರಾಯ್ತಿ, ಒಂದ್ಸಲ ಟೈಪಿಂಗ್ ಸೆಕ್ಷನ್ ಬಾಗ್ಲು ಹಾಕಿದ್ದು ನೋಡಿದೀನಿ. ಇನ್ನೊಂದ್ಸಲ ನೋಡಲ್ಲ."

ನಾನು ವಿನೋಬನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಕೆಲಸಕ್ಕೆ ಕುಳಿತೆ. ಕಷ್ಟ ಎಂದುಕೊಂಡಿದ್ದು ಅಕ್ಷರ ಬಿಡಿಸುವ ಭಾಗ. ಅದು ಸಲೀಸಾಗಿ ಹೊಸ ಸಿಸ್ಟಮ್ಮಿಗೆ ಹೊಂದಿಕೊಂಡಿತು. ಸುಲಭ ಎಂದುಕೊಂಡಿದ್ದು ಫೈಲುಗಳ ದಾರಿ. ಡಾಸ್‌ನಲ್ಲಿ ನನ್ನ ಎಡಿಟರಿಗೆ ಒಂದೇ ಮನೆ. ಸಿ ಡ್ರೈವಿನಲ್ಲಿ ಫೈಲಿಡುವ ಒಂದು ಡೈರೆಕ್ಟರಿ. ಪ್ರೋಗ್ರಾಮು ಅಲ್ಲೇ, ಕೀಲಿಮಣೆಯ ವಿನ್ಯಾಸ ಅಲ್ಲೇ, ಟೈಪಾದ ಪಾಠ ಅಲ್ಲೇ, ಅದರ ಬ್ಯಾಕಪ್ಪೂ ಅಲ್ಲೇ. ಯಾರೂ ಏನೂ ಹೇಳದೆ ಸೇವ್ ಒತ್ತಿದರೆ ಫೈಲು ತಾನಾಗಿ ಅಲ್ಲಿ ಹೋಗಿ ಕೂರುತ್ತಿತ್ತು. ಆ ವಿಳಾಸವನ್ನು ನಾನು ಪ್ರೋಗ್ರಾಮಿನೊಳಗೆ ನೇರವಾಗಿ ಬರೆದಿದ್ದೆ, ಒಂದೆರಡು ಕಡೆಯಲ್ಲ, ಕಂಡಕಂಡಲ್ಲಿ.

ಲಿನಕ್ಸಿನಲ್ಲಿ ಮೊದಲ ಸಲ ಓಡಿಸಿದಾಗ ಯಾವ ದೂರೂ ಬರಲಿಲ್ಲ. ಪಾಠ ಟೈಪ್ ಮಾಡಿದೆ, ಸೇವ್ ಆಯಿತು, ಮತ್ತೆ ತೆರೆದೆ, ಬಂತು. ಎಷ್ಟು ಸಲೀಸಪ್ಪಾ ಎಂದು ಕಾಫಿ ಕುಡಿದು ಬಂದು ಡೈರೆಕ್ಟರಿಯ ಪಟ್ಟಿ ನೋಡಿದರೆ ನಗು ಬಂತು. ವಿಂಡೋಸಿನಲ್ಲಿ ದಾರಿಯ ತುಂಡುಗಳ ನಡುವೆ ಹಿಂದಕ್ಕೆ ವಾಲಿದ ಗೆರೆ, ಲಿನಕ್ಸಿನಲ್ಲಿ ಮುಂದಕ್ಕೆ ವಾಲಿದ ಗೆರೆ. ಹಿಂದಕ್ಕೆ ವಾಲಿದ ಗೆರೆ ಲಿನಕ್ಸಿಗೆ ಬರೀ ಒಂದು ಅಕ್ಷರ. ಹಾಗಾಗಿ ಅದು ಸಿ ಡ್ರೈವ್, ಡೈರೆಕ್ಟರಿ, ಪಾಠ ಎಲ್ಲವನ್ನೂ ಸೇರಿಸಿ, ಅಷ್ಟುದ್ದದ ಹೆಸರಿನ ಒಂದೇ ಫೈಲು ಮಾಡಿಟ್ಟಿತ್ತು. ಲಕೋಟೆಯ ಮೇಲಿನ ಪೂರ್ತಿ ವಿಳಾಸವನ್ನೇ ಮಗುವಿಗೆ ಹೆಸರಿಟ್ಟಂತೆ. ಅಂಥ ಮಕ್ಕಳು ಆ ಡೈರೆಕ್ಟರಿಯಲ್ಲಿ ಸಾಲಾಗಿ ನಿಂತಿದ್ದವು.

ಸರಿ, ಎಲ್ಲ ವಿಳಾಸಗಳನ್ನೂ ಹುಡುಕಿ ಕಿತ್ತು ಒಂದೇ ಕಡೆ ತಂದೆ. ಆಮೇಲೆ ಲಿನಕ್ಸಿನ ದೊಡ್ಡವರು ಹಾಕಿಕೊಟ್ಟ ರೂಢಿಯನ್ನು ಓದಿ, ಅಕ್ಷರಶಃ ಪಾಲಿಸಿದೆ. ಪ್ರೋಗ್ರಾಮು ಎಲ್ಲರಿಗೂ ಸೇರಿದ ಜಾಗದಲ್ಲಿ, ಅದನ್ನು ಯಾರೂ ತಿದ್ದುವಂತಿಲ್ಲ. ಮಧ್ಯೆ ಮಧ್ಯೆ ತಾನಾಗಿ ಆಗುವ ಬ್ಯಾಕಪ್ಪು ತಾತ್ಕಾಲಿಕ ಫೈಲುಗಳ ಜಾಗದಲ್ಲಿ. ಟೈಪಾದ ಪಾಠ ಅವರವರ ಹೋಮ್ ಡೈರೆಕ್ಟರಿಯಲ್ಲಿ, ಅಂದರೆ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಬಂದವರ ಸ್ವಂತ ಮನೆಯಲ್ಲಿ. ಒಬ್ಬರ ಮನೆಗೆ ಇನ್ನೊಬ್ಬರು ನುಗ್ಗುವಂತಿಲ್ಲ. ನಾಲ್ಕೂ ಕಂಪ್ಯೂಟರುಗಳನ್ನು ತಂತಿಯಲ್ಲಿ ಜೋಡಿಸಿ, ಮನೆಗಳನ್ನೆಲ್ಲ ಅವುಗಳಲ್ಲೊಂದಾದ ಮೇಡಂ ಮೇಜಿನ ಪಕ್ಕದ ಯಂತ್ರದಲ್ಲಿಡುವುದೆಂದು ಯೋಜಿಸಿದೆ. ಯಾವ ಕುರ್ಚಿಯಲ್ಲಿ ಕೂತರೂ ನಿಮ್ಮ ಮನೆ ನಿಮಗೆ ಕಾಣುತ್ತದೆ. ಪುಸ್ತಕದಲ್ಲಿ ಹೇಳಿದ ಹಾಗೆ ಚೊಕ್ಕವಾಗಿತ್ತು. ಸಿ.ಡಿ. ಹಿಡಿದು ಮಲವಗೊಪ್ಪ ದಾಟಿ ಭದ್ರಾವತಿಗೆ ಹೋಗುವ ಬಸ್ಸಿನಲ್ಲಿ ನಾನು ರಾಣಿಯ ಹಾಗೆ ಕೂತಿದ್ದೆ.

ಕೇಂದ್ರದಲ್ಲಿ ಎಲ್ಲವನ್ನೂ ಹಾಗೇ ಜೋಡಿಸಿ, ಎಲ್ಲರಿಗೂ ಹೆಸರು, ಪಾಸ್‌ವರ್ಡ್ ಮಾಡಿಕೊಟ್ಟೆ. ಒಂದೊಂದು ಪಾಠ ಒಬ್ಬೊಬ್ಬರ ಜವಾಬ್ದಾರಿ ಎಂದು ಮೇಡಂ ಹಂಚಿದರು. ಕೊನೆಗೆ ಅವರು ಒಬ್ಬೊಬ್ಬರ ಮನೆಯಿಂದಲೂ ಪಾಠ ತೆಗೆದು, ಮುದ್ರಿಸಿ, ಫ್ಲಾಪಿಯ ಜೊತೆ ಕೋಟೆಗೆ ಕಳಿಸಬೇಕು. ಆ ಅಧಿಕಾರ ಅವರಿಗೊಬ್ಬರಿಗೇ. ಪ್ರಕಾಶಕರು ಕೆಂಪು ಮಸಿಯಲ್ಲಿ ತಿದ್ದಿ ವಾಪಸ್ ಕಳಿಸುತ್ತಾರೆ, ಇವರು ತಿದ್ದುಪಡಿ ಹಾಕಿ ಮತ್ತೆ ಕಳಿಸುತ್ತಾರೆ. ಮೊದಲ ಸುತ್ತಿನಲ್ಲಿ ಯಾವ ತೊಂದರೆಯೂ ಆಗಲಿಲ್ಲ.

ಎರಡನೇ ಸುತ್ತಿನಲ್ಲಿ ಪ್ರಕಾಶಕರ ಫೋನು ಬಂತು. ನಾನು ಆಗ ಕೇಂದ್ರದಲ್ಲೇ ಇದ್ದೆ. ಮೇಡಂ ರಿಸೀವರನ್ನು ಕಿವಿಯಿಂದ ಗೇಣುದೂರ ಹಿಡಿದಿದ್ದರು, ನನಗೂ ಕೇಳುತ್ತಿತ್ತು. "ಏಳನೇ ಪಾಠ ನಾನು ತಿದ್ದಿದ್ದು ಒಂದೂ ಹಾಕಿಲ್ಲ! ಹೆಂಗೆ ಕಳ್ಸಿದ್ದೆನೋ ಹಂಗೇ ವಾಪಸ್ ಬಂದಿದೆ. ನನ್ನ ಕಣ್ಣು ಏನು ಬಿಟ್ಟಿ ಬಂದಿದ್ಯಾ?"

ಏಳನೇ ಪಾಠ ಕ್ರೇನ್ ಅಣ್ಣನದ್ದು. ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಿದ್ದ ಆತನ ಮನೆಮಾತು ತಮಿಳು. ಟೈಪಿಂಗನ್ನು ಹೆಂಡತಿಯಿಂದ ಕಲಿತಿದ್ದ. ಧ್ವನಿ ಮಾತ್ರ ಇನ್ನೂ ಕ್ರೇನಿನ ಮೇಲಿಂದಲೇ ಬರುತ್ತಿತ್ತು. "ನಾನ್ ಹಾಕಿದೀನಿ ಮೇಡಂ! ಸತ್ಯವಾಗ್ಲೂ ಹಾಕಿದೀನಿ! ಒಂದೊಂದು ಕೆಂಪೂ ನೋಡಿ ನೋಡಿ ಹಾಕಿದೀನಿ!" ಎಂದು ಎದೆ ಬಡಿದುಕೊಂಡ. ಯಂತ್ರದಲ್ಲಿ ಅವನ ಮನೆ ತೆರೆದು ನೋಡಿದೆವು. ಏಳನೇ ಪಾಠ ಇತ್ತು, ತಿದ್ದುಪಡಿ ಇರಲಿಲ್ಲ.

ನನಗೆ ಅವನು ಸುಳ್ಳು ಹೇಳುತ್ತಾನೆ ಅನ್ನಿಸಲಿಲ್ಲ. ಇಡೀ ಯಂತ್ರವನ್ನು ಜಾಲಾಡಿದೆ. ತಿದ್ದಿದ ಏಳನೇ ಪಾಠ ಸಿಕ್ಕಿತು, ಬೆಳಗಿನ ಪಾಳಿಯ ಟೈಪಿಸ್ಟ್ ಹೆಂಗಸಿನ ಮನೆಯಲ್ಲಿ! ಹೇಗೆ ಹೋಯಿತು ಎಂದು ಬಿಡಿಸಿ ಕೇಳಿದಾಗ ಗೊತ್ತಾಯಿತು. ಎರಡು ಗಂಟೆಗೆ ಆಕೆ ಎದ್ದಳು, ಅದೇ ಕುರ್ಚಿಯಲ್ಲಿ ಇವನು ಕೂತ. ಆಕೆ ತನ್ನ ಹೆಸರನ್ನು ಮುಚ್ಚಲಿಲ್ಲ, ಇವನು ತನ್ನ ಹೆಸರಿನಲ್ಲಿ ತೆರೆಯಲಿಲ್ಲ. ತನ್ನ ಪಾಠ ತೆರೆಯಲು ಹೋದರೆ ಯಂತ್ರ ‘ಅನುಮತಿ ಇಲ್ಲ’ ಎಂದಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಹಾಗೆ, ತನ್ನದೇ ಫೈಲಿಗೆ ತನಗೇ ಅಡ್ಡಿ. ಅದಕ್ಕೆ ಕೋಟೆಯಿಂದ ವಾಪಸ್ ಬಂದಿದ್ದ ಫ್ಲಾಪಿ ಹಾಕಿ, ಅದರಲ್ಲಿದ್ದ ಪ್ರತಿಯನ್ನು ತೆರೆದು ತಿದ್ದಿದ. ಸೇವ್ ಒತ್ತಿದ. ಫ್ಲಾಪಿಯನ್ನು ನಂಬಬಾರದೆಂದು ನಾನೇ ಮಾಡಿದ್ದ ಏರ್ಪಾಡಿನಂತೆ, ಫೈಲು ಫ್ಲಾಪಿಗೆ ಹೋಗದೆ ತಾನಾಗಿ ‘ಮನೆ’ಗೆ ಹೋಯಿತು. ಯಂತ್ರಕ್ಕೆ ಗೊತ್ತಿದ್ದ ಮನೆ ಬೆಳಗಿನ ಹೆಂಗಸಿನದ್ದು.

"ಎದ್ದು ಹೋಗುವಾಗ ಲಾಗ್‌ಔಟ್ ಮಾಡಬೇಕು ಅಂತ ಹೇಳಿದ್ದೆನಲ್ಲ?" ಎಂದೆ.

ಆಕೆ ತಲೆ ತಗ್ಗಿಸಿದಳು. ಕ್ರೇನ್ ಅಣ್ಣ ತಗ್ಗಿಸಲಿಲ್ಲ. "ಓಡ್ತಾ ಇರೋ ಮಿಷನ್ ಯಾಕಮ್ಮಾ ನಿಲ್ಲಿಸ್ಬೇಕು? ನಾನ್ ಬಂದ್ನಲ್ಲ ರಿಲೀವರ್ರು?"

ನಾನು ಸಿಟ್ಟಿನ ಹೆಂಗಸು. ಗೋಡೆಗೆ ದಪ್ಪ ಅಕ್ಷರದ ಸೂಚನೆ ಅಂಟಿಸಿದೆ. ಅದು ಸಾಲದೆಂದು ಎಡಿಟರಿಗೆ ಒಂದು ಕಾವಲು ಹಾಕಿದೆ: ಸ್ವಲ್ಪ ಹೊತ್ತು ಯಾರೂ ಕೀಲಿ ಒತ್ತದಿದ್ದರೆ ಅದು ತಾನೇ ಸೇವ್ ಮಾಡಿ, ಲಾಗ್‌ಔಟ್ ಆಗಿ, ಹೊಸಬರ ಹೆಸರು ಕೇಳುತ್ತದೆ. ಪಾಳಿ ಬದಲಾಗುವಾಗ ಚಹಾ, ಮಾತು ಎಂದು ಒಂದಿಷ್ಟು ಹೊತ್ತು ಹೋಗಿಯೇ ಹೋಗುತ್ತದಲ್ಲ, ಅಷ್ಟರಲ್ಲಿ ಕೆಲಸ ಮುಗಿಯುತ್ತದೆ ಎಂದು ನನ್ನ ಲೆಕ್ಕ.

ಮುಂದಿನ ಕಟ್ಟು ಕೋಟೆಗೆ ಹೋಯಿತು. ಈ ಸಲ ಪ್ರಕಾಶಕರು ಫೋನು ಮಾಡಲಿಲ್ಲ, ನನ್ನನ್ನೇ ಕರೆಸಿಕೊಂಡರು. ಅಂಗಡಿಯ ಗಲ್ಲಾದ ಮೇಲೆ ಹಾಳೆಗಳನ್ನು ಹರಡಿದರು. ‘ದ್ಯುತಿ’ ಒಂದು ಅಂಚಿನಲ್ಲಿ, ‘ಸಂಶ್ಲೇಷಣೆ’ ಇನ್ನೊಂದು ಅಂಚಿನಲ್ಲಿ. ನಡುವೆ ಬಟ್ಟೆ ಒಣಹಾಕುವಷ್ಟು ಬಯಲು. ಎಲೆಯೊಳಗಿನ ಹರಿತ್ತು ಎಲ್ಲೋ, ಎಲೆ ಎಲ್ಲೋ. ಪುಟಪುಟದಲ್ಲೂ ಹಾಗೇ.

"ಇದೇನು ಕವಿತೆನಾ?" ಎಂದರು. ಆಮೇಲೆ ದನಿ ಇಳಿಸಿದರು, ಅದೇ ಹೆಚ್ಚು ಭಯ ಹುಟ್ಟಿಸಿತು. "ನೋಡಮ್ಮ, ನಂಗೆ ಆ ಮೇಡಂ ಮೇಲೆ ಗೌರವ ಇದೆ. ಆದ್ರೆ ದಂಧೆ ದಂಧೆನೇ. ಇದನ್ನೆಲ್ಲ ಸರಿ ಮಾಡಿ ಕೊನೇ ಸಲ ಕಳ್ಸಿ. ಮತ್ತೆ ಇದೇ ಹಣೆಬರಹ ಆದ್ರೆ ಬೆಂಗಳೂರಿಗೆ ಕೊಡ್ತೀನಿ, ಬೇಜಾರು ಮಾಡ್ಕೋಬೇಡಿ."

ಮರುದಿನ ಬೆಳಗ್ಗೆಯೇ ಭದ್ರಾವತಿಗೆ ಹೋದೆ. ಹಾಳೆಗಳನ್ನು ತೋರಿಸಿದ ಕೂಡಲೇ ಬೆಳಗಿನ ಟೈಪಿಸ್ಟ್ ನಿಜ ಹೇಳಿಬಿಟ್ಟಳು. ಎಡಿಟರ್ ತಾನಾಗಿ ಆರಿಹೋಗುತ್ತಿರುವುದನ್ನು ಕ್ರೇನ್ ಅಣ್ಣ ಕಂಡುಹಿಡಿದಿದ್ದ. ಅದಕ್ಕೊಂದು ಉಪಾಯವನ್ನೂ ಕಂಡುಹಿಡಿದಿದ್ದ. ಯಾರಾದರೂ ಚಹಾಕ್ಕೆ ಎದ್ದರೆ, ಪಕ್ಕದವರು ಆಗಾಗ ಕೈ ಚಾಚಿ ಆ ಯಂತ್ರದ ಸ್ಪೇಸ್ ಬಾರ್ ತಟ್ಟಬೇಕು. ಒಲೆಗೆ ಕಟ್ಟಿಗೆ ದೂಡಿದ ಹಾಗೆ, ಯಂತ್ರವನ್ನು ಬಿಸಿಯಾಗಿ ಇಡುವುದು. ಎಲ್ಲರೂ ನಿಷ್ಠೆಯಿಂದ ತಟ್ಟಿದ್ದರು, ತಟ್ಟಿದಾಗಲೆಲ್ಲ ತೆರೆದಿದ್ದ ಪಾಠದಲ್ಲಿ ಖಾಲಿ ಜಾಗ ಬಿದ್ದಿತ್ತು.

ಮೇಡಂ ಮುಖ ಕಪ್ಪಿಟ್ಟಿತು. ನನ್ನನ್ನು ಶಟರಿನ ಹೊರಗೆ ಕರೆದುಕೊಂಡು ಹೋಗಿ ಹೇಳಿದರು: "ಕ್ರೇನ್ ಅಣ್ಣನ್ನ ಕಂಪ್ಯೂಟರಿಂದ ಎಬ್ಬಿಸಿಬಿಡ್ತೀನಿ. ಪ್ರಿಂಟರ್ ಹತ್ರ ಕೂತು ಹಾಳೆ ಜೋಡಿಸ್ಲಿ. ಒಬ್ಬರಿಗೋಸ್ಕರ ಎಲ್ರ ಅನ್ನ ಕಳೆಯೋಕಾಗಲ್ಲ." ಆತ ಅವರ ಮಾತು ನಂಬಿ ಕಾರ್ಖಾನೆಯ ಕೊನೆಯ ವರ್ಷಗಳನ್ನು ಬಿಟ್ಟು ಬಂದವನು. ನಾನು "ಎರಡು ಗಂಟೆ ಆಗಲಿ ಮೇಡಂ, ಆಮೇಲೆ ನೋಡೋಣ" ಎಂದೆ. ಯಾಕೆ ಹಾಗೆಂದೆನೋ ನನಗೂ ಪೂರ್ತಿ ಸ್ಪಷ್ಟವಿರಲಿಲ್ಲ. ಪಾಳಿ ಬದಲಾಗುವುದನ್ನು ನಾನು ಒಮ್ಮೆಯೂ ಕೂತು ನೋಡಿರಲಿಲ್ಲ, ಅಷ್ಟೇ.

ಎರಡಕ್ಕೆ ಸ್ವಲ್ಪ ಮುಂಚೆಯೇ ಬಿ ಶಿಫ್ಟಿನವರು ಬಂದು ತಮ್ಮ ತಮ್ಮ ಕುರ್ಚಿಯ ಹಿಂದೆ ನಿಂತರು. ಬೆಳಗಿನ ಟೈಪಿಸ್ಟ್ ಟೈಪ್ ಮಾಡುತ್ತಲೇ ಹೇಳಿದಳು: "ಒಂಬತ್ತನೇ ಪಾಠ, ಎರಡನೇ ಪುಟ, ಚಿತ್ರದ ಕೆಳಗಿನ ಸಾಲು ಬಾಕಿ. ‘ಕೋಶ’ ಅನ್ನೋದು ಎಲ್ಲಾ ಕಡೆ ನೋಡ್ಬೇಕು." ಹಿಂದೆ ನಿಂತಿದ್ದ ಕ್ರೇನ್ ಅಣ್ಣ ಅದನ್ನೇ ತಿರುಗಿ ಹೇಳಿ, "ನಾನ್ ತಗೊಂಡೆ" ಎಂದ. ಆಮೇಲಷ್ಟೇ ಆಕೆ ಕುರ್ಚಿ ಬಿಟ್ಟಳು. ಪರದೆ ಒಂದು ಕ್ಷಣವೂ ಆರಲಿಲ್ಲ. ಅರ್ಧ ಟೈಪಾದ ಸಾಲಿನ ತುದಿಯಿಂದಲೇ ಅವನು ಮುಂದುವರಿಸಿದ. ನಾಲ್ಕೂ ಕುರ್ಚಿಗಳಲ್ಲಿ ಹೀಗೇ ನಡೆಯಿತು.

"ಇದನ್ನ ಯಾರು ಹೇಳಿಕೊಟ್ಟಿದ್ದು?" ಎಂದೆ.

"ಯಾರ್ ಹೇಳಿಕೊಡ್ತಾರಮ್ಮಾ? ಕ್ರೇನಲ್ಲಿ ಕಾದ ಕಬ್ಬಿಣ ನೇತಾಡ್ತಾ ಇರುತ್ತೆ. ಶಿಫ್ಟ್ ಮುಗೀತು ಅಂತ ಕೈ ಬಿಟ್ಟು ಇಳಿಯೋಕಾಗುತ್ತಾ? ರಿಲೀವರ್ ‘ತಗೊಂಡೆ’ ಅನ್ಬೇಕು, ಆಮೇಲೆ ನಾನ್ ಇಳೀಬೇಕು."

ಅವನಿಗೆ ಕಂಪ್ಯೂಟರಿನ ಒಳಗಿನದು ಏನೂ ಗೊತ್ತಿರಲಿಲ್ಲ. ಕಂಪ್ಯೂಟರು ಆರಿದರೆ ಒಳಗಿನ ಅಕ್ಷರಗಳು ತಣ್ಣಗಾಗಿ ಗಟ್ಟಿಯಾಗುತ್ತವೆ ಎಂದು ಅವನು ನಂಬಿದ್ದನೋ ಏನೋ. ಆದರೆ ನನಗೆ ತಟ್ಟನೆ ಹೊಳೆದದ್ದು ಬೇರೆ. ಲಿನಕ್ಸಿನ ರೂಢಿ ಹಾಕಿಕೊಟ್ಟವರು ಫೈಲು ಒಬ್ಬ ಮನುಷ್ಯನದ್ದು ಎಂದುಕೊಂಡಿದ್ದರು. ಇಲ್ಲಿ ಫೈಲು ಮನುಷ್ಯರದ್ದಲ್ಲ, ಕೆಲಸದ್ದು. ಮನುಷ್ಯರು ಪಾಳಿಯಲ್ಲಿ ಬಂದು ಹೋಗುತ್ತಾರೆ, ಕೆಲಸ ಅಲ್ಲೇ ಇರುತ್ತದೆ. ನಾನು ಯಂತ್ರದ ರೂಢಿಗೆ ಎಡಿಟರನ್ನು ಬಗ್ಗಿಸಿ, ಅದಕ್ಕೆ ಜನರನ್ನೂ ಬಗ್ಗಿಸಲು ಹೊರಟಿದ್ದೆ. ಎತ್ತು ಏರಿಗೆ, ಕೋಣ ನೀರಿಗೆ.

ಮೇಡಂ ಹತ್ತಿರ ಹೋಗಿ ಹೇಳಿದೆ: "ಯಾರನ್ನೂ ಎಬ್ಬಿಸಬೇಡಿ. ನಾನು ಪ್ರೋಗ್ರಾಮನ್ನೇ ಎಬ್ಬಿಸ್ತೀನಿ."

"ಟೈಮ್ ಇದ್ಯಾ ಮಾರಾಯ್ತಿ? ಸುಮ್ನೆ ಅವ್ರಿಗೆ ಕಟ್ಟುನಿಟ್ಟು ಮಾಡಿದ್ರೆ ಸಾಕಲ್ವಾ?"

"ಜೀವಮಾನದ ಅಭ್ಯಾಸ ಒಂದು ವಾರದಲ್ಲಿ ಹೋಗಲ್ಲ ಮೇಡಂ. ನನ್ನ ಪ್ರೋಗ್ರಾಮಿಗೆ ಅಷ್ಟು ವಯಸ್ಸಾಗಿಲ್ಲ, ಅದು ಕಲಿಯುತ್ತೆ."

ಅವರು ನನ್ನ ಮುಖವನ್ನೇ ನೋಡಿದರು. ಅವರ ಮುಂದೆ ಇದ್ದದ್ದು ಒಂದೇ ಅವಕಾಶ, ಅದನ್ನು ಅವರು ನನ್ನ ಕೈಗೆ ಕೊಟ್ಟರು. ಆ ನಂಬಿಕೆ ನನಗೆ ಭಾರವಾಗಲಿಲ್ಲ ಎಂದರೆ ಸುಳ್ಳು. ಆದರೆ ದಾರಿ ಕಂಡಿತ್ತು.

ಕೇಂದ್ರದಲ್ಲೇ ಕೂತು ಬದಲಾಯಿಸಿದೆ. ಮೊದಲು ಮೇಡಂ ಯಂತ್ರದಲ್ಲಿ ಒಂದು ಸಾಮಾನ್ಯ ಡೈರೆಕ್ಟರಿ, ಅದರೊಳಗೆ ಪುಸ್ತಕಕ್ಕೊಂದು, ಪಾಠಕ್ಕೊಂದು. ಎಲ್ಲ ಟೈಪಿಸ್ಟರನ್ನೂ ಒಂದು ಗುಂಪು ಮಾಡಿ, ಆ ಡೈರೆಕ್ಟರಿಗೆ ಒಂದು ಗುರುತು ಹಾಕಿದೆ: ಅಲ್ಲಿ ಯಾರು ಫೈಲು ಮಾಡಿದರೂ ಅದು ಗುಂಪಿಗೆ ಸೇರುತ್ತದೆ, ಗುಂಪಿನಲ್ಲಿ ಯಾರು ಬೇಕಾದರೂ ತಿದ್ದಬಹುದು. ಎಡಿಟರು ಕೇಳದೆಯೇ ಸೇವ್ ಮಾಡುವ ಡೀಫಾಲ್ಟ್ ದಾರಿಯನ್ನು ಹೋಮ್‌ನಿಂದ ಕಿತ್ತು ಇಲ್ಲಿಗೆ ತಿರುಗಿಸಿದೆ. ಫ್ಲಾಪಿಯಿಂದ ತೆರೆದ ಪಾಠವೂ ಸೇವ್ ಆಗುವಾಗ ತನ್ನ ಪಾಠದ ಡೈರೆಕ್ಟರಿಗೇ ಬರುತ್ತದೆ. ಬ್ಯಾಕಪ್ಪನ್ನೂ ತಾತ್ಕಾಲಿಕ ಜಾಗದಿಂದ ತೆಗೆದೆ. ಆ ಜಾಗವನ್ನು ನಮ್ಮ ಲಿನಕ್ಸ್ ಪ್ರತಿ ಸಲ ಶುರುವಾಗುವಾಗ ಗುಡಿಸಿ ಹಾಕುತ್ತಿತ್ತು. ಈಗ ಬ್ಯಾಕಪ್ಪು ಪಾಠದ ಪಕ್ಕದಲ್ಲೇ.

ಸ್ವಂತ ಮನೆಯಲ್ಲಿ ಉಳಿದದ್ದು ನಿಜವಾಗಿ ಸ್ವಂತದ್ದು ಮಾತ್ರ. ಕ್ರೇನ್ ಅಣ್ಣನಿಗೆ ಅಕ್ಷರ ದಪ್ಪ ಬೇಕು, ಬೆಳಗಿನ ಟೈಪಿಸ್ಟಿಗೆ ಹಳೆಯ ಟೈಪ್‌ರೈಟರಿನ ಕೀಲಿ ಜೋಡಣೆಯೇ ಬೇಕು. ಇಂಥ ಇಷ್ಟಗಳ ಫೈಲನ್ನು ಮಾತ್ರ ಎಡಿಟರು ಯಾರ ಹೆಸರಿನಲ್ಲಿ ಓಡುತ್ತಿದ್ದರೂ ಓದಬಹುದು, ತಿದ್ದುವಂತಿಲ್ಲ. ಲಾಗ್‌ಔಟ್ ಕಾವಲನ್ನು ಕಿತ್ತೆಸೆದು ಒಂದು ಕೀಲಿ ಕೊಟ್ಟೆ. ಅದನ್ನು ಒತ್ತಿದರೆ ಪಾಠ ಮುಚ್ಚುವುದಿಲ್ಲ, ಸಾಲಿನ ತುದಿಯಲ್ಲಿ ಕರ್ಸರ್ ಮಿನುಗುತ್ತಲೇ ಇರುತ್ತದೆ. ಪರದೆಯ ಕೆಳಗೆ ‘ಯಾರು ತಗೊಂಡಿರಿ?’ ಎಂದು ಕೇಳುತ್ತದೆ. ರಿಲೀವರ್ ಹೆಸರು ಹೊಡೆದರೆ ಅಕ್ಷರದ ಗಾತ್ರ, ಕೀಲಿ ಜೋಡಣೆ ಅವರದಾಗುತ್ತದೆ, ಅಷ್ಟೇ.

ಇನ್ನೊಂದು ಅಪಾಯ ಉಳಿದಿತ್ತು. ಎಲ್ಲರಿಗೂ ಎಲ್ಲ ಪಾಠ ಸಿಗುವುದಾದರೆ ಒಂದೇ ಪಾಠವನ್ನು ಇಬ್ಬರು ತೆರೆಯಬಹುದು, ಕೊನೆಗೆ ಸೇವ್ ಮಾಡಿದವರು ಗೆಲ್ಲುತ್ತಾರೆ. ಅದಕ್ಕೆ ಒಂದು ಬೀಗದ ಫೈಲು. ಪಾಠ ತೆರೆದ ಕುರ್ಚಿಯ ಸಂಖ್ಯೆ ಅದರಲ್ಲಿರುತ್ತದೆ, ಬೇರೆಯವರು ಬಂದರೆ ‘ಎರಡನೇ ಕುರ್ಚಿಯಲ್ಲಿದೆ’ ಎನ್ನುತ್ತದೆ. ಮೊದಲ ಮಧ್ಯಾಹ್ನವೇ ಕರೆಂಟು ಹೋಯಿತು. ಬಂದ ಮೇಲೆ ಎರಡನೇ ಕುರ್ಚಿಯ ಯಂತ್ರ ಶುರುವಾಗಿ, ತನ್ನ ಬೀಗಕ್ಕೆ ತಾನೇ ಹೆದರಿ, ‘ಎರಡನೇ ಕುರ್ಚಿಯಲ್ಲಿದೆ’ ಎಂದು ಹೇಳತೊಡಗಿತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಪ್ರತಿ ಕುರ್ಚಿಯೂ ಎದ್ದ ಕೂಡಲೇ ತನ್ನ ಹಳೆಯ ಬೀಗಗಳನ್ನು ತಾನೇ ತೆಗೆಯಲಿ ಎಂದು ನಾಲ್ಕು ಸಾಲು ಸೇರಿಸಿದೆ. ತಿದ್ದಿದ ಸಾಲುಗಳು ಬ್ಯಾಕಪ್ಪಿನಲ್ಲಿ ಭದ್ರವಾಗಿದ್ದವು.

ಅಲ್ಲಿಂದ ಮುಂದೆ ನಾನು ಬರೀ ನೋಡುತ್ತಿದ್ದೆ. ಎರಡು ಗಂಟೆಗೆ ಹಿಂದೆ ಬಂದು ನಿಲ್ಲುವುದು, ಬಾಯಲ್ಲಿ ಒಪ್ಪಿಸುವುದು, ಕೀಲಿ ಒತ್ತುವುದು, "ನಾನ್ ತಗೊಂಡೆ." ಯಾರಿಗೂ ಹೊಸದಾಗಿ ಕಲಿಸಬೇಕಾಗಲಿಲ್ಲ. ಕೊನೆಯ ಕಟ್ಟನ್ನು ಮೇಡಂ ಸಾಮಾನ್ಯ ಡೈರೆಕ್ಟರಿಯಿಂದ ತೆಗೆದು ಮುದ್ರಿಸಿ, ಪ್ರಕಾಶಕರ ಕೆಂಪು ಮಸಿಯ ಹಾಳೆಗಳ ಜೊತೆ ಸಾಲುಸಾಲು ಹೋಲಿಸಿದರು. ಆಮೇಲೆ ಬೇರೆಯವರ ಕೈಗೆ ಕೊಡದೆ ತಾವೇ ಬಸ್ಸು ಹತ್ತಿ ಕೋಟೆಗೆ ಹೋದರು. ನಾನು ಜೊತೆಗೆ ಹೋದೆ. ಪ್ರಕಾಶಕರು ಕನ್ನಡಕ ಏರಿಸಿ ಏಳನೇ ಪಾಠ, ಒಂಬತ್ತನೇ ಪಾಠ ತಿರುವಿದರು, ಆಮೇಲೆ ಎಲ್ಲೆಲ್ಲಿಂದಲೋ ಪುಟ ಎತ್ತಿ ನೋಡಿದರು. ಮೇಡಂ ಕೂರಲಿಲ್ಲ, ನಿಂತೇ ಇದ್ದರು. ಕೆಂಪು ಪೆನ್ನು ಪ್ರಕಾಶಕರ ಕೈಯಲ್ಲಿತ್ತು, ಅದರ ಮುಚ್ಚಳ ತೆಗೆಯಲೇ ಇಲ್ಲ. "ಪ್ರೆಸ್ಸಿಗೆ ಕಳಿಸ್ತೀನಿ" ಎಂದಷ್ಟೇ ಹೇಳಿದರು.

ಶಾಲೆ ತೆರೆಯುವ ಮೊದಲೇ ಗೈಡು ಅಂಗಡಿಗೆ ಬಂತು. ಅದಾದ ಮೇಲೆ ಒಂದು ಮಧ್ಯಾಹ್ನ ಪ್ರಕಾಶಕರೇ ಭದ್ರಾವತಿಗೆ ಬಂದರು, ಕೈಯಲ್ಲಿ ಗಣಿತದ ಹಸ್ತಪ್ರತಿ, ಸಮಾಜ ವಿಜ್ಞಾನದ ಹಸ್ತಪ್ರತಿ. ಎರಡೂ ದಪ್ಪ. "ಎರಡೂ ನಿಮ್ಗೇ. ಆದ್ರೆ ಜಲ್ದಿ ಬೇಕು. ಈ ನಾಲ್ಕು ಮಿಷನ್ನಲ್ಲಿ ಆಗುತ್ತಾ ಅಮ್ಮ?"

ಮೇಡಂ ಕುರ್ಚಿಗಳ ಕಡೆ ನೋಡಿದರು. ನಾಲ್ಕೂ ತುಂಬಿದ್ದವು. ಹೊಸ ಯಂತ್ರ ತರುವ ಶಕ್ತಿ ಕೇಂದ್ರಕ್ಕಿರಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಆಗ ಭದ್ರಾವತಿಯಲ್ಲಿ ದಿನಾ ಕೇಳಿಬರುತ್ತಿದ್ದ ಮಾತು ಒಂದೇ: ಅಲ್ಲಿ ಒಂದು ಶಿಫ್ಟ್ ಕಡಿಮೆ ಆಯಿತಂತೆ, ಇಲ್ಲಿ ಇಷ್ಟು ಜನ ಮನೆಗೆ ಹೋದರಂತೆ. ಮೇಡಂ ಗೋಡೆಯ ಕರಿಹಲಗೆಯ ಹತ್ತಿರ ಹೋದರು. ಅದರ ಮೇಲೆ ಎ, ಬಿ ಎಂದು ಎರಡು ಪಾಳಿಗಳ ಹೆಸರುಗಳಿದ್ದವು. ಬಳಪ ತೆಗೆದುಕೊಂಡು, ಬಿ ಕೆಳಗೆ, ಕಾರ್ಖಾನೆಯ ರಾತ್ರಿ ಪಾಳಿಯ ಹೆಸರನ್ನು, ದೊಡ್ಡದಾಗಿ ‘ಸಿ’ ಎಂದು ಬರೆದರು. "ಆಗುತ್ತೆ" ಎಂದರು.

ಕೀಲಿಗಳ ಸದ್ದು ನಿಂತಿತು. ಆಮೇಲೆ ಕ್ರೇನ್ ಅಣ್ಣ ಎದ್ದು ನಿಂತು, ಇಡೀ ಬೀದಿಗೆ ಕೇಳುವಂತೆ ಹೇಳಿದ: "ಸಿ ಶಿಫ್ಟ್ ನಾನ್ ತಗೊಂಡೆ ಮೇಡಂ!"

ಮೇಡಂ ಹಲಗೆಯ ಕಡೆಗೇ ತಿರುಗಿ ನಿಂತಿದ್ದರು. ಸೆರಗಿನಿಂದ ಮುಖ ಒರೆಸಿಕೊಂಡು, ಆಮೇಲೆ ಅವನ ಹೆಸರು ಬರೆದರು.